ಎತ್ತರದ ಪಿಕಪ್ ತೊಳೆಯೋದು ಹೇಗೆ? ಮೊದಲು ಚಕ್ರ, ಕೊನೆಗೆ ಗಾಜು

ಗಾಡಿ ತೊಳೆಯಲು ನಿಂತರೆ ಹೆಚ್ಚಿನವರ ಕೈ ಮೊದಲು ಮುಂದಿನ ಗಾಜಿಗೇ ಹೋಗುತ್ತದೆ. ಕಣ್ಣಿಗೆ ಕಾಣೋದು ಅದೇ ಅಲ್ವಾ? ಪಿಕಪ್ ವಿಷಯದಲ್ಲಿ ಇದು ದಂಡದ ಕೆಲಸ. ಚಕ್ರದ ಕೆಸರಿಗೆ ನೀರು ಬಿಟ್ಟ ಕೂಡಲೇ ಅದು ಹಾರಿ ಬಾಗಿಲು, ಬಾನೆಟ್, ಆಗ ತಾನೇ ಒರೆಸಿದ ಗಾಜು ಎಲ್ಲದರ ಮೇಲೂ ಕೂರುತ್ತದೆ. ಹಾಗಾಗಿ ಚಕ್ರ ಮೊದಲು, ಗಾಜು ಕೊನೆಗೆ.

ಎರಡಕ್ಕೂ ಅನ್ವಯಿಸುವ ಮಾತು ಒಂದಿದೆ. ಮೊದಲು ನೆನೆಸಿ, ಆಮೇಲೆ ಉಜ್ಜಿ. ಒಣಗಿದ ಮಣ್ಣಿನ ಮೇಲೆ ಒಣ ಬಟ್ಟೆ ಆಡಿಸಿದರೆ ಸ್ಯಾಂಡ್ ಪೇಪರ್ ತಿಕ್ಕಿದಂತೆಯೇ. ಗೆರೆ ಬಿದ್ದ ಗಾಜಿನಲ್ಲಿ ರಾತ್ರಿ ಎದುರಿನ ಗಾಡಿಯ ಲೈಟು ಬಿದ್ದಾಗ ಅದರ ಫಲ ಗೊತ್ತಾಗುತ್ತದೆ.

ಸಾಮಾನು ಹೆಚ್ಚೇನೂ ಬೇಡ. ಎರಡು ಬಕೆಟ್, ಒಂದು ಮಗ್, ಕಾರ್ ಶಾಂಪೂ, ಉದ್ದ ಹಿಡಿಯ ಬ್ರಷ್, ಹಳೇ ಟೂತ್‌ಬ್ರಷ್, ಮೂರ್ನಾಲ್ಕು ಮೈಕ್ರೋಫೈಬರ್ ಬಟ್ಟೆ, ಅಲುಗಾಡದ ಒಂದು ಸ್ಟೂಲ್. ಚಕ್ರಕ್ಕೆ ಬಳಸಿದ ಬಟ್ಟೆ ಯಾವತ್ತೂ ಗಾಜಿಗೆ ಬರಬಾರದು. ಬೇರೆ ಬೇರೆ ಬಣ್ಣದ್ದು ಇಟ್ಟುಕೊಂಡರೆ ಗಲಿಬಿಲಿ ಇರುವುದಿಲ್ಲ.

ನೀರಿನ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಪೈಪ್ ಹಿಡಿದು ನಿಲ್ಲುವ ಅಗತ್ಯವೂ ಇಲ್ಲ. ಚಕ್ರ ಮತ್ತು ಗಾಜಿಗಷ್ಟೇ ಆದರೆ ಕೆಲವು ಬಕೆಟ್‌ನಲ್ಲಿ ಮುಗಿಯುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಹಿಡಿದಿಟ್ಟರೆ ಟೈರಿಗೆ ಆಗುತ್ತದೆ. ಗಾಜಿಗೆ ಮಾತ್ರ ಅದು ಬೇಡ, ಲವಣ ಜಾಸ್ತಿ ಇರುತ್ತದೆ. ಇನ್ನು ಕೆರೆಗೋ ಹೊಳೆಗೋ ಗಾಡಿ ಇಳಿಸಿ ತೊಳೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಗ್ರೀಸು, ಆಯಿಲ್ ಎಲ್ಲ ಅದೇ ನೀರಿಗೆ ಹೋಗುತ್ತದೆ. ಅಲ್ಲಿ ದನ ನೀರು ಕುಡಿಯುತ್ತದೆ.

ಚಕ್ರದ ಕೆಲಸ

ಗಾಡಿಯನ್ನು ನೆರಳಿನಲ್ಲಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಗೇರಿಗೆ ಹಾಕಿ. ಘಾಟಿ ಇಳಿದು ಬಂದಿದ್ದರೆ ಅರ್ಧ ಗಂಟೆಯಾದರೂ ಕಾಯಿರಿ. ಕಾದ ಬ್ರೇಕ್ ಡಿಸ್ಕ್ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ನಡುಗುತ್ತದೆ.

ನಾಲ್ಕು ಚಕ್ರಕ್ಕೂ ಒಟ್ಟಿಗೆ ಸೋಪು ಹಚ್ಚಬೇಡಿ, ಒಂದು ಮುಗಿಸಿ ಇನ್ನೊಂದಕ್ಕೆ ಹೋಗಿ. ಮೊದಲು ಬರೀ ನೀರು. ಮಡ್‌ಗಾರ್ಡ್‌ನ ಒಳಗೆ, ರಿಮ್‌ಗೆ, ಟೈರಿಗೆ ಮಗ್‌ನಲ್ಲಿ ನೀರು ಎರಚಿ ಹತ್ತು ನಿಮಿಷ ಬಿಡಿ. ಕೆಂಪು ಜೇಡಿ ಮಣ್ಣು ಒಣಗಿ ಹೆಂಟೆಯಾಗಿದ್ದರೆ ಇನ್ನೊಮ್ಮೆ ಎರಚಿ. ಬೆರಳಿನಿಂದ ಒತ್ತಿದಾಗ ಮಣ್ಣು ಜಾರಿದರೆ ಉಜ್ಜಲು ಶುರು ಮಾಡಬಹುದು.

ಮುಖ್ಯವಾದ ಜಾಗ ರಿಮ್‌ನ ಒಳಮೈ. ಹೊರಗಿನಿಂದ ಅದು ಕಾಣುವುದಿಲ್ಲ. ತೋಟದ ದಾರಿಯ ಕೆಸರು ಅಲ್ಲಿ ಒಂದೇ ಕಡೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಚಕ್ರದ ತೂಕ ಒಂದು ಪಕ್ಕಕ್ಕೆ ವಾಲುತ್ತದೆ. ಹೈವೇಯಲ್ಲಿ ವೇಗ ಹೆಚ್ಚಿದ ಹಾಗೆ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಮಾಲೀಕರು ಗಾಬರಿಯಾಗಿ ವೀಲ್ ಬ್ಯಾಲೆನ್ಸಿಂಗ್‌ಗೆ ಓಡುತ್ತಾರೆ. ಮಳೆಗಾಲದಲ್ಲಿ ಸ್ಟೀರಿಂಗ್ ನಡುಗಿದರೆ ಮೊದಲು ಸ್ಪೋಕ್‌ಗಳ ಸಂದಿಯಿಂದ ಕೈ ಹಾಕಿ ನೋಡಿ. ಎಷ್ಟೋ ಸಲ ಒಂದು ಬ್ರಷ್, ಒಂದು ಬಕೆಟ್ ನೀರಿನಲ್ಲೇ ರಿಪೇರಿ ಮುಗಿಯುತ್ತದೆ. ಬ್ರಷ್ ಆಡಿಸುವಾಗ ರಿಮ್‌ಗೆ ಅಂಟಿಸಿರುವ ಚಿಕ್ಕ ತೂಕದ ತುಂಡುಗಳನ್ನು ಮಾತ್ರ ಕೀಳಬೇಡಿ. ಬ್ಯಾಲೆನ್ಸಿಂಗ್ ಮಾಡುವವರು ಕೂರಿಸಿದ್ದೇ ಅವು.

ಮುಂದಿನ ಚಕ್ರಗಳ ಮೇಲೆ ಕಪ್ಪು ಪುಡಿ ಜಾಸ್ತಿ ಇರುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಮುಂದಿನ ಡಿಸ್ಕ್‌ಗಳೇ ಹೆಚ್ಚು ದುಡಿಯುತ್ತವೆ. ನಮ್ಮಲ್ಲಿ ಓಡಾಡುವ ಹೆಚ್ಚಿನ ಪಿಕಪ್‌ಗಳಿಗೆ ಹಿಂದೆ ಇರುವುದು ಮುಚ್ಚಿದ ಡ್ರಮ್ ಬ್ರೇಕ್, ಅದರ ಪುಡಿ ಒಳಗೇ ಉಳಿಯುತ್ತದೆ. ಈ ಕಪ್ಪು ಪುಡಿಯಲ್ಲಿ ಕಬ್ಬಿಣದ ಕಣಗಳಿವೆ. ಒದ್ದೆಯಾಗಿ ಉಳಿದರೆ ತುಕ್ಕು ಹಿಡಿದು ಅಲಾಯ್ ವೀಲ್‌ನ ಮೇಲ್ಪದರ ಕಚ್ಚುತ್ತವೆ. ಶಾಂಪೂವಿಗೆ ಜಗ್ಗದಿದ್ದರೆ ಅಂಗಡಿಯಲ್ಲಿ ಐರನ್ ರಿಮೂವರ್ ಎಂಬ ಸ್ಪ್ರೇ ಸಿಗುತ್ತದೆ. ಹೊಡೆದ ಸ್ವಲ್ಪ ಹೊತ್ತಿಗೆ ಕಪ್ಪು ಚುಕ್ಕೆಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಕೆಳಗೆ ಇಳಿಯತೊಡಗುತ್ತವೆ. ನೋಡಲು ಮಜಾ. ಆದರೆ ಒಣಗುವ ಮೊದಲೇ ಚೆನ್ನಾಗಿ ತೊಳೆಯಬೇಕು. ಬಾತ್‌ರೂಮಿನ ಆ್ಯಸಿಡ್ ಮಾತ್ರ ರಿಮ್ ಹತ್ತಿರವೂ ಸುಳಿಯಬಾರದು.

ಹಾಗೇ ಟೂತ್‌ಬ್ರಷ್‌ನಲ್ಲಿ ವೀಲ್ ನಟ್‌ಗಳ ಸುತ್ತ ಉಜ್ಜಿ. ಈ ಹೊತ್ತಿನಲ್ಲಿ ಕಣ್ಣು ತೆರೆದಿರಲಿ. ಯಾವುದಾದರೂ ನಟ್‌ನಿಂದ ತುಕ್ಕಿನ ಗೆರೆ ಹೊರಟಿದ್ದರೆ ಅದು ಸಡಿಲವಾಗಿರಬಹುದು. ಸ್ಪ್ಯಾನರ್ ಹಾಕಿ ನೋಡಿ. ಟೈರಿನ ಒಳಬದಿ ಎಣ್ಣೆ ಎಣ್ಣೆಯಾಗಿದ್ದರೆ ಬ್ರೇಕ್ ಆಯಿಲೋ ಆಕ್ಸಲ್ ಆಯಿಲೋ ಸೋರುತ್ತಿದೆ ಅಂತ ಅರ್ಥ. ತೊಳೆದು ಸುಮ್ನೆ ಇರಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಮೊದಲನೇ ಸುತ್ತು ಮುಗಿದ ಮೇಲೆ ಚಕ್ರ ಅರ್ಧ ಸುತ್ತು ಉರುಳುವಷ್ಟು ಗಾಡಿಯನ್ನು ಮುಂದಕ್ಕೆ ತಂದು ನೆಲಕ್ಕೆ ಒತ್ತಿಕೊಂಡಿದ್ದ ಭಾಗವನ್ನೂ ತೊಳೆಯಿರಿ. ಸಿಕ್ಕಿಕೊಂಡ ಜಲ್ಲಿಕಲ್ಲನ್ನು ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿ ತೆಗೆಯಿರಿ.

ಪ್ರೆಶರ್ ವಾಷರ್ ಇದ್ದವರು ಟೈರಿನಿಂದ ಒಂದು ಅಡಿ ದೂರವಾದರೂ ಇರಿ. ಚಕ್ರದ ನಡುವಿನ ಹಬ್‌ನ ಸೀಲ್‌ಗೆ ನೇರವಾಗಿ ಹೊಡೆದರೆ ನೀರು ಬೇರಿಂಗ್ ಒಳಗೆ ನುಗ್ಗುತ್ತದೆ.

ಟೈರು ಕಪ್ಪಗೆ ಮಿಂಚಲಿ ಅಂತ ಡೀಸೆಲ್ ಒರೆಸುವವರು ಈಗಲೂ ಇದ್ದಾರೆ. ಒಂದು ದಿನ ಹೊಳೆಯುತ್ತದೆ, ನಿಜ. ಆದರೆ ಡೀಸೆಲ್ ರಬ್ಬರನ್ನು ತಿನ್ನುತ್ತದೆ, ಪಕ್ಕದಲ್ಲಿ ಬಿರುಕು ಬಿಡಿಸುತ್ತದೆ. ಹೊಳಪು ಬೇಕೇ ಬೇಕು ಅಂದರೆ ಟೈರ್ ಪಾಲಿಶ್ ಹಚ್ಚಿ, ಅದೂ ಪಕ್ಕಕ್ಕೆ ಮಾತ್ರ. ನೆಲಕ್ಕೆ ತಾಗುವ ಭಾಗಕ್ಕೆ ಹಚ್ಚಿದರೆ ಗಾಡಿ ಜಾರುತ್ತದೆ.

ಗಾಜಿನ ಕೆಲಸ

ಟೊಯೊಟಾ ಹೈಲಕ್ಸ್‌ನಂಥ ಪಿಕಪ್ ಸುಮಾರು 6 ಅಡಿ ಎತ್ತರ, ಅಗಲವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಯಾವ ಪಕ್ಕದಲ್ಲಿ ನಿಂತರೂ ಗಾಜಿನ ನಡುಭಾಗ ಮೂರು ಅಡಿ ದೂರ, ಅದೂ ತಲೆಯ ಮಟ್ಟದಲ್ಲಿ. ಇದಕ್ಕಾಗಿ ಒದ್ದೆ ಟೈರಿನ ಮೇಲೆ ಹತ್ತಿ ನಿಲ್ಲುವವರು ಜಾಸ್ತಿ. ಕಾಲು ಜಾರಿದರೆ ಗದ್ದ ನೇರ ಬಾನೆಟ್‌ಗೆ. ಸ್ಟೂಲ್ ಹಾಕಿಕೊಳ್ಳಿ. ಎಡಗಡೆಯಿಂದ ಅರ್ಧ, ಬಲಗಡೆಯಿಂದ ಅರ್ಧ ಮಾಡಿ. ನಡುವಿನ ಒಂದು ಗೇಣನ್ನು ಎರಡೂ ಕಡೆಯಿಂದ ಒರೆಸಿ. ಇಲ್ಲದಿದ್ದರೆ ಸರಿಯಾಗಿ ಅಲ್ಲೇ ಒಂದು ಪಟ್ಟೆ ಉಳಿಯುತ್ತದೆ. ಸ್ಟೂಲ್ ಬೇಡ ಅನ್ನುವವರಿಗೆ ಉದ್ದ ಕೋಲಿನ ಸ್ಪಂಜು-ರಬ್ಬರ್ ವೈಪರ್ ಇದೆ. ಪೆಟ್ರೋಲ್ ಬಂಕಿನಲ್ಲಿರುತ್ತಲ್ಲ, ಅದೇ. ಆದರೆ ಬಂಕಿನ ಬಕೆಟ್‌ನಲ್ಲಿ ಅದ್ದುವ ಮೊದಲು ತಳ ನೋಡಿ. ಮರಳು ಕೂತಿದ್ದರೆ ಕೈ ಮುಗಿದು ವಾಪಸ್ ಬನ್ನಿ.

ವೈಪರ್ ತೋಳು ಎತ್ತಿದ ಕೂಡಲೇ ಅದರ ಕೆಳಗೆ ಮಡಿಸಿದ ಬಟ್ಟೆ ಇಡಿ. ಅದು ಪಟ್ ಅಂತ ಬಿದ್ದರೆ ಗಾಜು ಸೀಳಬಹುದು. ಬಿಸಿಲಿಗೆ ಕಾದ ಗಾಜಿಗೂ ತಣ್ಣೀರು ಸುರಿಯಬೇಡಿ. ಕಲ್ಲು ಬಡಿದು ಚಿಕ್ಕ ಚುಕ್ಕೆ ಬಿದ್ದಿದ್ದರೆ ಅಲ್ಲಿಂದಲೇ ಬಿರುಕು ಓಡುತ್ತದೆ.

ಸಂಜೆ ಓಡಿಸಿದಾಗ ಹುಳುಗಳು ಬಡಿದು ಅಂಟಿರುತ್ತವೆ. ಉಗುರಿನಲ್ಲಿ ಕೆರೆಯಬೇಡಿ. ನೀರಲ್ಲಿ ಅದ್ದಿದ ಬಟ್ಟೆಯನ್ನು ಗಾಜಿನ ಮೇಲೆ ಹಾಸಿ ಹತ್ತು ನಿಮಿಷ ಬಿಟ್ಟರೆ ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ಹಕ್ಕಿ ಹಿಕ್ಕೆಗೂ ಇದೇ ಮದ್ದು. ಮರದ ಅಂಟಾದರೆ ಬಟ್ಟೆಗೆ ಸ್ವಲ್ಪ ಸ್ಯಾನಿಟೈಸರ್ ಹಾಕಿ ಒತ್ತಿ ಹಿಡಿಯಿರಿ. ಬೋರ್‌ವೆಲ್ ನೀರಿನ ಬಿಳಿ ಚುಕ್ಕೆಗಳು ಸೋಪಿಗೆ ಹೋಗುವುದಿಲ್ಲ, ಅವು ಸುಣ್ಣದ ಅಂಶ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆಯಿರಿ. ಪೇಂಟಿನ ಮೇಲೆ ಹರಿಯಲು ಬಿಡಬೇಡಿ. ಆಯುಧಪೂಜೆ ಮಾಡಿದ ಗಾಡಿಯಾದರೆ ಕುಂಕುಮ, ಅರಿಸಿನದ ಬೊಟ್ಟು ಆದಷ್ಟು ಬೇಗ ತೊಳೆಯಿರಿ. ಚಕ್ರಕ್ಕೆ ಸಿಡಿದ ನಿಂಬೆರಸವನ್ನಂತೂ ಅವತ್ತೇ ತೊಳೆದುಬಿಡಿ.

ವೈಪರ್ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಉದ್ದಕ್ಕೆ ಎಳೆಯಿರಿ. ಕಪ್ಪು ಗಲೀಜು ಬರುತ್ತದೆ. ಅದು ನಿಲ್ಲುವವರೆಗೆ ಎಳೆಯಬೇಕು. ಅಂಚು ಹರಿದಿದ್ದರೆ ಹೊಸದು ಹಾಕಿಸಿ.

ಒಳಗಡೆಯ ಗಾಜನ್ನು ಎಲ್ಲರೂ ಮರೆಯುತ್ತಾರೆ. ಡ್ಯಾಶ್‌ಬೋರ್ಡ್ ಮೇಲಿನ ದೇವರಿಗೆ ದಿನಾ ಹಚ್ಚುವ ಊದುಬತ್ತಿಯ ಹೊಗೆ ಮತ್ತು ಬಿಸಿಲಿಗೆ ಪ್ಲಾಸ್ಟಿಕ್ ಬಿಡುವ ಆವಿ ಸೇರಿ ಅಲ್ಲಿ ಜಿಡ್ಡಿನ ಪದರ ಕಟ್ಟುತ್ತದೆ. ಒಳಗೆ ಅಡ್ಡಡ್ಡ ಒರೆಸಿ, ಹೊರಗೆ ಉದ್ದುದ್ದ ಒರೆಸಿ. ಗೆರೆ ಉಳಿದರೆ ಯಾವ ಕಡೆಯದು ಅಂತ ತಕ್ಷಣ ತಿಳಿಯುತ್ತದೆ. ಕೊನೆಯ ಹೊಳಪಿಗೆ ಹಳೇ ಪೇಪರ್ ಉಂಡೆ ಕಟ್ಟಿ ಉಜ್ಜಿದರೂ ನಡೆಯುತ್ತದೆ. ಈ ಪುರವಣಿಯನ್ನು ಓದಿ ಮುಗಿಸಿದ ಮೇಲೆ, ಅಷ್ಟೇ.

ತೊಳೆದ ಗಾಡಿಯನ್ನು ಹಾಗೇ ಶೆಡ್ಡಿಗೆ ಹಾಕಬೇಡಿ. ಒದ್ದೆ ಡಿಸ್ಕ್‌ಗೆ ಬೆಳಗಾಗುವುದರೊಳಗೆ ತುಕ್ಕಿನ ತೆಳು ಪದರ ಬರುತ್ತದೆ, ಒದ್ದೆ ಬ್ರೇಕ್ ತಕ್ಷಣ ಹಿಡಿಯುವುದೂ ಇಲ್ಲ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ, ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ, ಆಮೇಲೆ ತಂದು ನಿಲ್ಲಿಸಿ.