ಹೊಸದು ತರುವ ಮುಂಚೆ ಮೀಟರ್ ನೋಡಿದೆ

ಕರೆಂಟ್ ಮೀಟರ್‌ನಲ್ಲಿ ಸಣ್ಣ ಕೆಂಪು ದೀಪವೊಂದು ಮಿಣುಕುತ್ತಾ ಇರುತ್ತದೆ, ಗಮನಿಸಿದ್ದೀರಾ? ಅದರ ಪಕ್ಕ 3200 ಅಂತಲೋ 1600 ಅಂತಲೋ ಬರೆದಿರುತ್ತದೆ. ನಮ್ಮ ಮನೆಯದು 3200. ಆ ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್ ಖರ್ಚಾಯಿತು ಅಂತ ಲೆಕ್ಕ. ಇದನ್ನೇ ತಿರುಗಿಸಿ ಹಾಕಿದರೆ ಮನೆಯ ಯಾವ ಸಾಮಾನು ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಯಾವ ಉಪಕರಣವೂ ಇಲ್ಲದೆ ತಿಳಿಯಬಹುದು. ಒಂದು ಮಿಣುಕಿನಿಂದ ಇನ್ನೊಂದು ಮಿಣುಕಿಗೆ ಎಷ್ಟು ಸೆಕೆಂಡ್ ಆಯಿತು ಎಂದು ಮೊಬೈಲ್‌ನಲ್ಲಿ ನೋಡಿಕೊಳ್ಳಿ. 1125ನ್ನು (ಒಂದು ಗಂಟೆಯ 3600 ಸೆಕೆಂಡನ್ನು 1000 ವ್ಯಾಟ್‌ನಿಂದ ಗುಣಿಸಿ 3200ರಿಂದ ಭಾಗಿಸಿದರೆ ಬರುವ ಅಂಕಿ) ಆ ಸೆಕೆಂಡ್‌ಗಳಿಂದ ಭಾಗಿಸಿ. 15 ಸೆಕೆಂಡ್ ಆದರೆ 75 ವ್ಯಾಟ್. ಮೀಟರ್ 1600ರದ್ದಾದರೆ 1125ರ ಬದಲು 2250.

ಪುತ್ತೂರು ಕಡೆಯ ನಮ್ಮ ಮನೆಯಲ್ಲಿ ಏನು ಬದಲಾಯಿಸಬೇಕು, ಏನನ್ನು ಹಾಗೇ ಬಿಡಬೇಕು ಎಂದು ನಾನು ತೀರ್ಮಾನ ಮಾಡಿದ್ದು ಹೀಗೆ. ಇದಕ್ಕೆ ಕಾರಣ ಗೃಹಜ್ಯೋತಿ. 2022-23ರ ನಮ್ಮ ತಿಂಗಳ ಸರಾಸರಿಗೆ ಶೇಕಡಾ 10 ಸೇರಿಸಿ ನಮ್ಮ ಮಿತಿ ಇಟ್ಟಿದ್ದಾರೆ. ಮಿತಿ ದಾಟಿದರೆ ಜಾಸ್ತಿಯಾದ ಯೂನಿಟ್‌ಗೆ ಮಾತ್ರ ದುಡ್ಡು. ಆದರೆ 200 ದಾಟಿತೋ, ಪೂರ್ತಿ ಬಿಲ್ ನಮ್ಮದೇ. ಕರಾವಳಿಯ ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನ್ ಆರಿಸುವ ಮಾತೇ ಇಲ್ಲ ಅಲ್ವಾ? ನಮ್ಮದು ಆ 200ರ ಗಡಿಯಲ್ಲೇ ತೂಗಾಡುತ್ತಿತ್ತು.

ಅಳೆಯುವಾಗ ಒಂದು ಎಚ್ಚರ ಬೇಕು. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಕರೆಂಟ್ ಹೋಗದೆ ಇಡೀ ದಿನ ಇದ್ದ ಮಾರನೇ ಬೆಳಿಗ್ಗೆ ಕೂತರೆ ಒಳ್ಳೆಯದು. ಫ್ರಿಜ್‌ನ ಪ್ಲಗ್ ತೆಗೆದು, ಎಲ್ಲ ಆರಿಸಿ, ಇನ್ವರ್ಟರ್ ಸುಮ್ನೆ ನಿಂತಾಗ ಎಷ್ಟು ಎಳೆಯುತ್ತದೆ ಎಂದು ಮೊದಲು ಬರೆದುಕೊಂಡೆ. ಆಮೇಲೆ ಒಂದೊಂದನ್ನೇ ಹಾಕಿ, ಆ ಮೊದಲ ಅಂಕಿಯನ್ನು ಕಳೆಯುತ್ತಾ ಹೋದೆ. ಮಗಳು ಸ್ವಿಚ್ ಹತ್ತಿರ, ನಾನು ಮೀಟರ್ ಹತ್ತಿರ. ಜಗಲಿಯಿಂದ ಕೂಗಾಟ ಕೇಳಿ ಪಕ್ಕದ ಮನೆಯವರು ಏನೋ ಜಗಳ ಅಂದುಕೊಂಡಿರಬೇಕು.

ಆಶ್ಚರ್ಯ ಆಗಿದ್ದು ಟಿವಿಯ ಸೆಟ್‌ಟಾಪ್ ಬಾಕ್ಸ್ ನೋಡಿ. ರಿಮೋಟ್‌ನಲ್ಲಿ ಆರಿಸಿದರೂ, ಹಾಕಿದರೂ ಹೆಚ್ಚುಕಡಿಮೆ ಒಂದೇ, 10 ವ್ಯಾಟ್ ಆಸುಪಾಸು. ದಿನವಿಡೀ ಬಿಟ್ಟರೆ ತಿಂಗಳಿಗೆ 7 ಯೂನಿಟ್. ಅದಕ್ಕೆ ಹೊಸದೇನೂ ಬೇಕಿರಲಿಲ್ಲ. ಗೋಡೆಯ ಸ್ವಿಚ್ ಆರಿಸುವ ಅಭ್ಯಾಸ ಸಾಕಾಯಿತು.

ದೊಡ್ಡ ಪಾಲು ಫ್ಯಾನ್‌ಗಳದ್ದು. ಹಳೆಯ ಸಾದಾ ಫ್ಯಾನ್ ಫುಲ್ ಸ್ಪೀಡ್‌ನಲ್ಲಿ 75 ವ್ಯಾಟ್ ಎಳೆಯುತ್ತಿತ್ತು. ಬಿಎಲ್‌ಡಿಸಿ ಫ್ಯಾನ್, ಅಂದರೆ ಇಲೆಕ್ಟ್ರಾನಿಕ್ ಕಾರ್ಡ್ ಓಡಿಸುವ ಹೊಸ ಬಗೆಯ ಮೋಟಾರಿನದು, ಅಷ್ಟೇ ಗಾಳಿಗೆ 30 ವ್ಯಾಟ್ ಆಸುಪಾಸಿನಲ್ಲಿ ಮುಗಿಸುತ್ತದೆ. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 27 ಯೂನಿಟ್ ಎಲ್ಲಿ, 11 ಯೂನಿಟ್ ಎಲ್ಲಿ! ಆದರೂ ಮನೆಯ ಎಲ್ಲ ಫ್ಯಾನ್ ಬದಲಾಯಿಸಲಿಲ್ಲ. ಹಾಲ್‌ನದು, ಅಮ್ಮನ ಕೋಣೆಯದು, ನಾವು ಮಲಗುವ ಕೋಣೆಯದು, ಮಗಳು ಓದುವ ಕೋಣೆಯದು ಮಾತ್ರ ಬದಲಾದವು. ನೆಂಟರು ಬಂದಾಗ ಮಾತ್ರ ತಿರುಗುವ ಕೋಣೆಯ ಫ್ಯಾನ್‌ಗೆ ಹೊಸದು ಯಾಕೆ? ಅದು ನಿಧಾನ ಆಗಿತ್ತು, ಹೌದು. ಆದರೆ ಸೀಲಿಂಗ್ ಫ್ಯಾನ್ ನಿಧಾನ ಆದರೆ ಹೆಚ್ಚಾಗಿ ಹೋಗಿರುವುದು ಕೆಪಾಸಿಟರ್. ಮೇಲಿನ ಕಪ್ ಇಳಿಸಿದರೆ ಕಾಣುವ ಬಿಳಿಯೋ ಕಪ್ಪೋ ಬಣ್ಣದ ಸಣ್ಣ ಡಬ್ಬಿ. ಮೇಲೆ 2.5 ಮೈಕ್ರೋಫ್ಯಾರಡ್ ಎಂದು ಇತ್ತು. ಅದೇ ಅಳತೆಯದು ತಂದು ಹಾಕಿಸಿದೆ. ಒಂದು ಊಟದ ದುಡ್ಡೂ ಆಗಲಿಲ್ಲ, ಫ್ಯಾನ್ ಹೊಸದರ ಹಾಗೆ ತಿರುಗಿತು.

ಬಿಎಲ್‌ಡಿಸಿ ಕೊಳ್ಳುವಾಗ ನಾನು ರಿಮೋಟ್, ಲೈಟ್, ಆ್ಯಪ್ ಇವುಗಳ ಕಡೆ ನೋಡಲಿಲ್ಲ. ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ 2023ರ ಜನವರಿಯಿಂದ ಕಡ್ಡಾಯ. ಆ ಲೇಬಲ್‌ನಲ್ಲಿ ಸ್ಟಾರ್ ಎಷ್ಟು ಎನ್ನುವುದಕ್ಕಿಂತ ಕೆಳಗಿನ ಅಂಕಿ ಮುಖ್ಯ. ನಿಮಿಷಕ್ಕೆ ಎಷ್ಟು ಘನಮೀಟರ್ ಗಾಳಿ ಎಂದು ಅಲ್ಲಿ ಇರುತ್ತದೆ. ಆ ಗಾಳಿಯನ್ನು ವ್ಯಾಟ್‌ನಿಂದ ಭಾಗಿಸಿ ಸ್ಟಾರ್ ಕೊಡುತ್ತಾರೆ. ಹಾಗಾಗಿ ಗಾಳಿ ಸ್ವಲ್ಪ ಕಡಿಮೆ ಕೊಟ್ಟು, ಕರೆಂಟ್ ತೀರಾ ಕಡಿಮೆ ತಿಂದು 5 ಸ್ಟಾರ್ ಗಿಟ್ಟಿಸುವ ಫ್ಯಾನ್ ಕೂಡ ಇರಬಹುದು. ನಮ್ಮ ಊರಿನ ಸೆಕೆಗೆ ಅದು ಆಗುವುದಿಲ್ಲ. 1200 ಮಿಲಿಮೀಟರ್ ಫ್ಯಾನ್‌ಗೆ ಗಾಳಿ 210ರ ಮೇಲೆ ಇರುವುದನ್ನೇ ಹುಡುಕಿದೆ.

ಇನ್ನೊಂದು ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳಲೇಬೇಕು: ಕರೆಂಟ್ ಹೋಗಿ ಬಂದರೆ ಫ್ಯಾನ್ ಹಿಂದಿನ ಸ್ಪೀಡ್‌ನಲ್ಲೇ ಶುರು ಆಗುತ್ತದಾ? ಆಗದಿದ್ದರೆ ಮಧ್ಯರಾತ್ರಿ ಅಮ್ಮ ಎದ್ದು ರಿಮೋಟ್ ಹುಡುಕಬೇಕು. ಹಾಗೆಯೇ ಒಳಗಿನ ಕಾರ್ಡ್‌ಗೆ ಎಷ್ಟು ವರ್ಷ ವಾರಂಟಿ, ಆಮೇಲೆ ಕಾರ್ಡ್ ಮಾತ್ರ ಬಿಡಿಯಾಗಿ ಸಿಗುತ್ತದಾ ಎಂದೂ ಕೇಳಿದೆ. ಹಳೆಯ ಫ್ಯಾನ್‌ನಲ್ಲಿ ಕೆಡುವುದಕ್ಕೆ ವೈಂಡಿಂಗ್, ಬೇರಿಂಗ್, ಕೆಪಾಸಿಟರ್ ಬಿಟ್ಟರೆ ಏನಿದೆ? ಇದರಲ್ಲಿ ಇಲೆಕ್ಟ್ರಾನಿಕ್ಸ್ ಇದೆ, ನಮ್ಮಲ್ಲಿ ಸಿಡಿಲೂ ಇದೆ.

ಹಾಕಲು ಬಂದ ಎಲೆಕ್ಟ್ರಿಷಿಯನ್‌ಗೆ ರೆಗ್ಯುಲೇಟರ್ ತೆಗೆಯಿರಿ ಅಂದೆ. “ಇರಲಿ ಮಾರಾಯ್ರೆ, ಫುಲ್‌ನಲ್ಲಿ ಇಟ್ರೆ ಸಾಕು” ಅಂದರು. ನಾನು ಒಪ್ಪಲಿಲ್ಲ. ಯಾರಾದರೂ ಒಂದು ದಿನ ಅದನ್ನು ತಿರುಗಿಸಿಯೇ ತಿರುಗಿಸುತ್ತಾರೆ, ಮನೆಯಲ್ಲಿ ಮಕ್ಕಳು ಬರುತ್ತಾರೆ. ಈ ಫ್ಯಾನ್‌ನ ಕಾರ್ಡ್‌ಗೆ ಪೂರ್ತಿ ವೋಲ್ಟೇಜೇ ಹೋಗಬೇಕು. ರೆಗ್ಯುಲೇಟರ್ ಬಿಚ್ಚಿ ವಯರ್ ನೇರ ಮಾಡಿಸಿ, ಆ ಜಾಗಕ್ಕೆ ಖಾಲಿ ಪ್ಲೇಟ್ ಹಾಕಿಸಿದೆ. ಅಮ್ಮನ ರಿಮೋಟ್‌ಗೆ ಮಂಚದ ತಲೆಬದಿಯ ಗೋಡೆಯಲ್ಲೇ ಒಂದು ಗೂಡು.

ಇಲ್ಲಿಂದ ಮುಂದಿನ ಲಾಭ ನಾನು ಅಂದಾಜು ಮಾಡಿದ್ದಕ್ಕಿಂತ ದೊಡ್ಡದು. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ, ಅದಕ್ಕೆ ದೊಡ್ಡ ಇನ್ವರ್ಟರ್ ಮತ್ತು ಎರಡನೇ ಬ್ಯಾಟರಿ ಬೇಕು ಎಂದು ಮನೆಯಲ್ಲಿ ಮಾತಾಗಿತ್ತು. ಇರುವುದು 12 ವೋಲ್ಟ್, 150 ಎಎಚ್ (ಆ್ಯಂಪಿಯರ್‌ಅವರ್) ಇರುವ ಒಂದು ಟ್ಯೂಬ್ಯುಲರ್ ಬ್ಯಾಟರಿ. ಕಾಗದದ ಮೇಲೆ 1800 ವ್ಯಾಟ್‌ಅವರ್. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಯಾಕೆಂದರೆ 150 ಎನ್ನುವ ಅಂಕಿ ಬ್ಯಾಟರಿಯನ್ನು 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದರೆ ಸಿಗುವ ಅಂಕಿ. ಬ್ಯಾಟರಿ ಮೇಲೆ ಸಿ20 ಎಂದು ಬರೆದಿರುವುದು ಅದಕ್ಕೇ. ಜಾಸ್ತಿ ಲೋಡ್ ಹಾಕಿ ಬೇಗ ಎಳೆದರೆ ಅಷ್ಟು ಸಿಗುವುದೇ ಇಲ್ಲ. ನಾಲ್ಕು ಹಳೆಯ ಫ್ಯಾನ್ ಸೇರಿ 300 ವ್ಯಾಟ್ ಎಳೆಯುತ್ತಿದ್ದವು. ಹೊಸವು ನಾಲ್ಕೂ ಸೇರಿ 120. ಲೋಡ್ ಕಡಿಮೆಯಾದದ್ದು ಒಂದು ಲಾಭ, ಅದೇ ಬ್ಯಾಟರಿ ಮೊದಲಿಗಿಂತ ಜಾಸ್ತಿ ಕೊಡತೊಡಗಿದ್ದು ಇನ್ನೊಂದು. ಈಗ ರಾತ್ರಿ ಹತ್ತಕ್ಕೆ ಕರೆಂಟ್ ಹೋದರೂ ಬೆಳಗಿನ ತನಕ ಫ್ಯಾನ್ ತಿರುಗುತ್ತದೆ. ಎರಡನೇ ಬ್ಯಾಟರಿಯ ಮಾತು ಮತ್ತೆ ಬಂದಿಲ್ಲ. ಸಂಜೆ ವೋಲ್ಟೇಜ್ ಇಳಿದಾಗ ಹಳೆಯ ಫ್ಯಾನ್ ಸೋತು ಹೋಗುತ್ತಿತ್ತು, ಇದು ಸ್ಪೀಡ್ ಬಿಡುವುದಿಲ್ಲ. ಇದನ್ನು ಮೊದಲು ಗುರುತಿಸಿದ್ದು ಅಮ್ಮ.

ಇನ್ನು ಮಗಳ ಲ್ಯಾಪ್‌ಟಾಪ್. ಆನ್ ಮಾಡಿ ಕಾಫಿ ಕುಡಿದು ಬಂದರೂ ತೆರೆದುಕೊಳ್ಳುತ್ತಿರಲಿಲ್ಲ. ಭಾವ ಹೊಸದೇ ಕೊಡಿಸು ಅಂದರು. ನಾನು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಪ್ರೊಸೆಸರ್ ಆರಾಮಾಗಿ ಕೂತಿದೆ, ಡಿಸ್ಕ್ ಮಾತ್ರ ಶೇಕಡಾ 100. ಕೆಲಸ ಕಟ್ಟಿಕೊಂಡು ನಿಂತಿದ್ದು ಅಲ್ಲಿ. ಒಳಗೆ ಇದ್ದದ್ದು ನಿಮಿಷಕ್ಕೆ 5400 ಸುತ್ತಿನ ಹಳೆಯ ಹಾರ್ಡ್‌ಡಿಸ್ಕ್. ಅಂಥ ಡಿಸ್ಕ್ ಒಂದೇ ದೊಡ್ಡ ಫೈಲನ್ನು ಸೆಕೆಂಡಿಗೆ 100 ಎಂಬಿಯಷ್ಟು ಓದಬಹುದು. ವಿಂಡೋಸ್ ಶುರು ಆಗುವಾಗ ಬೇಕಾಗುವುದು ಅಲ್ಲೊಂದು ಇಲ್ಲೊಂದು ಸಾವಿರಾರು ಸಣ್ಣ ಚೂರುಗಳು. ಪ್ರತಿ ಚೂರಿಗೂ ಅದರ ಸೂಜಿ ಓಡಾಡಬೇಕು. ಎಲ್ಲವನ್ನೂ ಚಿಪ್‌ನಲ್ಲೇ ಇಡುವ ಎಸ್‌ಎಸ್‌ಡಿಯಲ್ಲಿ ಓಡಾಡುವುದೇ ಏನೂ ಇಲ್ಲ.

ಕೊಳ್ಳುವ ಮುಂಚೆ ಒಳಗೆ ಏನು ಹಿಡಿಸುತ್ತದೆ ಎಂದು ಬಿಚ್ಚಿ ನೋಡಿದೆ. ಅಡಿಯ ಸ್ಕ್ರೂಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ಹಾಗಾಗಿ ಇಡ್ಲಿ ತಟ್ಟೆ ತಂದು, ಯಾವ ಮೂಲೆಯದು ಯಾವ ಗುಳಿಗೆ ಎಂದು ಇಡುತ್ತಾ ಹೋದೆ. ಎರಡು ಸ್ಕ್ರೂ ಹಿಂದಿನ ರಬ್ಬರ್ ಕಾಲುಗಳ ಅಡಿಯಲ್ಲಿ ಅಡಗಿದ್ದವು. ಅವನ್ನು ಬಿಚ್ಚದೆ ಎಳೆದರೆ ಕವರ್ ಸೀಳುವುದು ಗ್ಯಾರಂಟಿ. ಅವಧಿ ಮುಗಿದ ಎಟಿಎಂ ಕಾರ್ಡ್ ತೂರಿಸಿ ಅಂಚಿನುದ್ದಕ್ಕೂ ಸರಿಸಿದರೆ ಕ್ಲಿಪ್‌ಗಳು ಟಿಕ್ ಟಿಕ್ ಎಂದು ಬಿಡುತ್ತವೆ. ತೆರೆದ ಕೂಡಲೇ ಮಾಡಿದ್ದು ಬ್ಯಾಟರಿಯ ಕನೆಕ್ಟರ್ ಕಳಚಿದ್ದು. ಉಳಿದದ್ದೆಲ್ಲ ಆಮೇಲೆ. ಒಳಗೆ ಸಾಟಾ ಎಂಬ ಬಗೆಯ ಕನೆಕ್ಟರ್‌ನ 2.5 ಇಂಚಿನ ಡಿಸ್ಕ್, ಒಂದು ರ‍್ಯಾಮ್ ಸ್ಲಾಟ್ ಖಾಲಿ. ರ‍್ಯಾಮ್ ಮೇಲಿನ ಚೀಟಿಯಲ್ಲಿ ಡಿಡಿಆರ್3ಎಲ್ ಎಂದಿತ್ತು. ಆ ಕೊನೆಯ ‘ಎಲ್’ ನೋಡದೆ ತರಬೇಡಿ. ಇದು 1.35 ವೋಲ್ಟ್‌ನದು, ಬರೀ ಡಿಡಿಆರ್3 ಆದರೆ 1.5 ವೋಲ್ಟ್. ಕೆಲವು ಲ್ಯಾಪ್‌ಟಾಪ್‌ಗಳು ಅದನ್ನು ಒಪ್ಪುವುದೇ ಇಲ್ಲ.

500 ಜಿಬಿಯ ಸಾಟಾ ಎಸ್‌ಎಸ್‌ಡಿ, 4 ಜಿಬಿ ರ‍್ಯಾಮ್ ತಂದೆ. ಅಂಗಡಿಯಲ್ಲಿ ಇನ್ನೂ ವೇಗದ ಎನ್‌ವಿಎಂಇ ಎಂಬ ಬಗೆಯ ಎಸ್‌ಎಸ್‌ಡಿ ತೋರಿಸಿದರು. ಈ ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ, ವೇಗ ಕಟ್ಟಿಕೊಂಡು ಏನು ಮಾಡಲಿ? ಹಳೆಯ ವಿಂಡೋಸನ್ನು ಕಾಪಿ ಮಾಡಿ ಹಾಕಬಹುದಿತ್ತು. ಆದರೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದು 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಇದರಲ್ಲಿರುವ ಐದನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ಎಂಟನೇ ತಲೆಮಾರಿನಿಂದ ಮೇಲೆ ಬೇಕು. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆವು. ಮಗಳಿಗೆ ಬೇಕಾದದ್ದು ಬ್ರೌಸರ್, ವಿಡಿಯೋ ಪಾಠ, ಅಸೈನ್‌ಮೆಂಟ್ ಬರೆಯುವುದು, ಕನ್ನಡ ಟೈಪಿಂಗ್. ಎಲ್ಲವೂ ನಡೆಯುತ್ತಿದೆ. ಅವಳ ಕಾಲೇಜಿನಲ್ಲಿ ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಸಾಫ್ಟ್‌ವೇರ್ ಕೇಳಿದ್ದರೆ ನನ್ನ ತೀರ್ಮಾನ ಬೇರೆ ಆಗುತ್ತಿತ್ತು. ಭಾವನ ಮಾತೇ ಸರಿ ಅನ್ನುತ್ತಿದ್ದೆ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿದ್ದೇನೆ, ಫೋಟೋಗಳೆಲ್ಲ ಅದರಲ್ಲಿವೆ.

ವೈಫೈ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೆಂಪುಕಲ್ಲಿನ ದಪ್ಪ ಗೋಡೆಯ ಮನೆಯಲ್ಲಿ ಎಷ್ಟು ಆ್ಯಂಟೆನಾ ಇರುವ ರೂಟರ್ ತಂದರೂ ಮೂರನೇ ಕೋಣೆಗೆ 5 ಗಿಗಾಹರ್ಟ್ಸ್‌ನ ವೇಗದ ಸಿಗ್ನಲ್ ಸರಿಯಾಗಿ ತಲುಪುವುದಿಲ್ಲ. ಗಾಳಿಯಲ್ಲಿ ಹಿಡಿದು ಗಾಳಿಯಲ್ಲೇ ದಾಟಿಸುವ ಎಕ್ಸ್‌ಟೆಂಡರ್ ಹಾಕಿದರೆ ವೇಗ ಅರ್ಧಕ್ಕೆ ಇಳಿಯುವುದೇ ಜಾಸ್ತಿ. ಅಟ್ಟದ ಮೇಲಿಂದ ಕ್ಯಾಟ್6 ಎನ್ನುವ ನೆಟ್‌ವರ್ಕ್ ಕೇಬಲ್ ಎಳೆಸಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ರೂಟರ್‌ನ ಡಿಎಚ್‌ಸಿಪಿ (ಮೊಬೈಲ್, ಲ್ಯಾಪ್‌ಟಾಪ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ, ಅದನ್ನು ಮುಖ್ಯ ರೂಟರ್ ಒಂದೇ ಮಾಡಬೇಕು) ಆರಿಸಿ, ಕೇಬಲನ್ನು ಅದರ ಲ್ಯಾನ್ ಪೋರ್ಟ್‌ಗೆ ಸಿಕ್ಕಿಸಿ, ಅದೇ ಹೆಸರು ಅದೇ ಪಾಸ್‌ವರ್ಡ್ ಕೊಟ್ಟೆ. ಖರ್ಚು ಕೇಬಲ್‌ನದ್ದು, ಜೊತೆಗೆ ಒಂದು ಅಡಾಪ್ಟರ್‌ನದ್ದು ಮಾತ್ರ. ಆ ಹಳೆಯ ರೂಟರ್‌ಗೆ ಅಡಾಪ್ಟರ್ ಹೊಸದು ಬೇಕಾಯಿತು. ಅದರ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ಗೆ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯ ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಅಂಗಡಿಯ ಮುಂದೆಯೇ ನಿಂತು ನೋಡಿ, ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಸಿಡಿಲಿಗೆ ಮಾತ್ರ ನಾನು ಯಾವ ಸ್ಪೈಕ್‌ಗಾರ್ಡನ್ನೂ ನಂಬುವುದಿಲ್ಲ. ಗುಡುಗು ಶುರುವಾದರೆ ಟಿವಿ, ರೂಟರ್ ಪ್ಲಗ್ ಕೈಯಲ್ಲೇ ಕಿತ್ತಿಡುತ್ತೇವೆ, ಲ್ಯಾನ್ ಕೇಬಲ್ ಸಮೇತ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ. ಆದರೆ ಕಂಬದಿಂದ ಮನೆಗೆ ಎಳೆದ ಕೇಬಲ್‌ಗೆ ಆಧಾರವಾಗಿ ಉಕ್ಕಿನ ತಂತಿ ಇರುವುದೂ ಉಂಟು. ಸ್ಪೈಕ್‌ಗಾರ್ಡ್ ಕೆಲಸ ಮಾಡಬೇಕಾದರೂ ಅರ್ತಿಂಗ್ ಚೆನ್ನಾಗಿರಬೇಕು. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ಕೊಡಗಟ್ಟಲೆ ನೀರು ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ.

ಟಿವಿ ಬದಲಾಯಿಸಲಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದ ಮೇಲೆ ಮನೆಯಲ್ಲಿ ಒತ್ತಾಯ ಜೋರಾಯಿತು. ಆದರೆ ಇರುವ 32 ಇಂಚಿನದರ ಪರದೆ ಚೆನ್ನಾಗಿಯೇ ಇದೆ. ಸೋತಿದ್ದು ಅದರೊಳಗಿನ ಆ್ಯಪ್‌ಗಳು. ಆ್ಯಪ್‌ಗಳನ್ನು ತಾನೇ ನಡೆಸುವ, ಟಿವಿಯ ಎಚ್‌ಡಿಎಂಐ ಪೋರ್ಟ್‌ಗೆ ಸಿಕ್ಕಿಸುವ ಸ್ಟಿಕ್ ಹಾಕಿದೆ, ಸಾಕಾಯಿತು. ಸ್ಟಿಕ್‌ಗೆ ಟಿವಿಯ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ. ಹಳೆಯ ಟಿವಿಗಳ ಆ ಪೋರ್ಟ್ ಅರ್ಧ ಆ್ಯಂಪ್ ಅಷ್ಟೇ ಕೊಡುತ್ತದೆ. ಅದು ಸಾಲದೆ ಸ್ಟಿಕ್ ನಡುನಡುವೆ ಆರಿ ಹೊತ್ತಿ ಮಾಡುತ್ತದೆ. ಅದರದೇ ಅಡಾಪ್ಟರ್ ಗೋಡೆಗೆ ಸಿಕ್ಕಿಸಿ.

ಈಗ ಸರದಿ ಫ್ರಿಜ್‌ನದು. ಅದರ ಕಂಪ್ರೆಸರ್ ಬಿಟ್ಟು ಬಿಟ್ಟು ಓಡುವುದರಿಂದ ಮಿಣುಕು ಎಣಿಸಿ ಆಗುವುದಿಲ್ಲ. ಗೆಳೆಯರಿಂದ ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಮೀಟರ್ ತಂದು ಇಡೀ ದಿನ ಬಿಟ್ಟೆ. ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ತೋರಿಸಿತು, ವರ್ಷಕ್ಕೆ 400ರ ಹತ್ತಿರ. ಅಷ್ಟೇ ಲೀಟರಿನ ಹೊಸದರ ಲೇಬಲ್‌ನಲ್ಲಿ ವರ್ಷಕ್ಕೆ 200ಕ್ಕೂ ಕಡಿಮೆ ಇದೆ. ಲೇಬಲ್ ನೋಡುವಾಗ ಅದು ಯಾವ ಅವಧಿಯದು ಎಂದೂ ನೋಡಬೇಕು. ಸ್ಟಾರ್‌ನ ಮಟ್ಟವನ್ನು ಆಗಾಗ ಬಿಗಿ ಮಾಡುತ್ತಾರೆ, ಹಳೆಯ ಸ್ಟಾಕ್‌ನ 5 ಸ್ಟಾರ್ ಇವತ್ತಿನ ಲೆಕ್ಕದಲ್ಲಿ 3 ಸ್ಟಾರ್ ಆಗಿರಬಹುದು. ಬಾಗಿಲಿನ ರಬ್ಬರ್ ಸಡಿಲ ಆಗಿದೆ, ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದರೆ ಸಲೀಸಾಗಿ ಬರುತ್ತದೆ. ಮೊದಲು ಅದನ್ನು ಬದಲಾಯಿಸಿ ಇನ್ನೊಮ್ಮೆ ಅಳೆಯುತ್ತೇನೆ. 300ರ ಒಳಗೆ ಬಂದರೆ ಇನ್ನೆರಡು ವರ್ಷ ಓಡಲಿ. ಬರದಿದ್ದರೆ ದೀಪಾವಳಿಗೆ ಹೊಸದು, ಹಳೆಯದು ಎಕ್ಸ್‌ಚೇಂಜ್‌ಗೆ. ಮಾಳಿಗೆಯಲ್ಲಿಟ್ಟು ತೆಂಗಿನಕಾಯಿ ತುರಿಗೆ ಅದನ್ನೂ ಓಡಿಸೋಣ ಅನ್ನುತ್ತಿದ್ದಾಳೆ ನನ್ನ ಹೆಂಡತಿ. ಆ ಮಾತುಕತೆ ಇನ್ನೂ ಮುಗಿದಿಲ್ಲ.