ಸ್ಟೇಜ್ ಪಿಯಾನೊ ಎಡಿಟರ್ ತಿದ್ದಿದ ನನ್ನ ಅನುಭವ

ಕಲಬುರಗಿಯ ಸುತ್ತಮುತ್ತ ನಡೆಯುವ ವಚನ, ತತ್ವಪದ ಮತ್ತು ಭಜನೆಯ ಕಾರ್ಯಕ್ರಮಗಳಿಗೆ ಹಲವು ವರ್ಷಗಳಿಂದ ನಾನು ಕೀಬೋರ್ಡ್ ಸಾಥ್ ನೀಡುತ್ತಿದ್ದೇನೆ. ಹಗಲು ಹೊತ್ತು ನನ್ನ ಕೆಲಸ ಪ್ರೋಗ್ರಾಮ್ ಬರೆಯುವುದು. ಈ ಎರಡು ಕೆಲಸಗಳು ಒಂದಕ್ಕೊಂದು ತಾಗಿದ್ದು ಒಂದು ತಾಲೀಮಿನಲ್ಲಿ. ನಾನು ಹೊಸದಾಗಿ ತಂದ 88 ಮನೆಗಳ ಡಿಜಿಟಲ್ ಸ್ಟೇಜ್ ಪಿಯಾನೊ ನುಡಿಸುತ್ತಿದ್ದಾಗ ಹಿರಿಯ ಗಾಯಕರೊಬ್ಬರು ಪದವನ್ನು ನಡುವೆಯೇ ನಿಲ್ಲಿಸಿ, "ತಮ್ಮಾ, ನಿನ್ನ ಗಂಧಾರ ಏರ್ಯಾದ ನೋಡು" ಎಂದರು. ಅವರ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಸ್ವರಗಳ ಅಂತರವನ್ನು ಸೆಂಟ್ ಎಂಬ ಮಾನದಲ್ಲಿ ಅಳೆಯುತ್ತಾರೆ, ಸಪ್ತಕವನ್ನು 1200 ಸೆಂಟ್ ಎಂದು ಹಿಡಿದರೆ ಪಿಯಾನೊ ಅದನ್ನು 100 ಸೆಂಟ್‌ನ 12 ಸಮಭಾಗಗಳಾಗಿ ಒಡೆಯುತ್ತದೆ, ಹಾಗಾಗಿ ಅದರ ಶುದ್ಧ ಗಂಧಾರ ಷಡ್ಜದಿಂದ 400 ಸೆಂಟ್ ಮೇಲಿರುತ್ತದೆ. ತಂಬೂರಿಯೊಂದಿಗೆ ಬೆರೆಯುವ ಗಂಧಾರ 5:4ರ ಅನುಪಾತದ್ದು, ಸುಮಾರು 386 ಸೆಂಟ್. ಈ 14 ಸೆಂಟ್‌ಗಳ ಏರಿಕೆ ಪಳಗಿದ ಕಿವಿಗೆ ತಪ್ಪದೆ ಕೇಳಿಸುತ್ತದೆ.

ನನ್ನ ಪಿಯಾನೊದಲ್ಲಿ ಹನ್ನೆರಡೂ ಸ್ವರಗಳನ್ನು ಬೇರೆಬೇರೆಯಾಗಿ ಇಳಿಸಿ ಏರಿಸುವ ಸೌಲಭ್ಯವಿದೆ. ಆದರೆ ಎರಡೇ ಸಾಲಿನ ಚಿಕ್ಕ ಪರದೆಯಲ್ಲಿ ಮೆನುವಿನೊಳಗಿನ ಮೆನುವಿಗೆ ಇಳಿದು, ಒಂದೊಂದು ಸ್ವರಕ್ಕೂ ಗುಂಡಿ ಒತ್ತುತ್ತ ಹೋಗಬೇಕು. ಗಾಯಕರು ತಮ್ಮ ಷಡ್ಜವನ್ನು ಕಾಳಿ ಒಂದರಿಂದ (ಮೊದಲ ಕಪ್ಪು ಮನೆಯಿಂದ) ಕಾಳಿ ಎರಡಕ್ಕೆ ಒಯ್ದರೆ ಇಷ್ಟನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ಅದಕ್ಕಾಗಿ ಕಂಪ್ಯೂಟರಿನಿಂದಲೇ ಪಿಯಾನೊವನ್ನು ಹೊಂದಿಸುವ ಎಡಿಟರ್ ಒಂದನ್ನು ಹುಡುಕಿಕೊಂಡೆ. ಇದೇ ಮಾದರಿಯ ಪಿಯಾನೊ ಹೊಂದಿದ್ದ ಯಾರೋ ಅದನ್ನು ಪೈಥಾನ್‌ನಲ್ಲಿ ಬರೆದು, ಮೂಲ ಸಂಕೇತದೊಂದಿಗೆ ಮುಕ್ತವಾಗಿ ಹಂಚಿದ್ದರು. ಅವರ ಶ್ರಮ ದೊಡ್ಡದು, ಅದಿಲ್ಲದಿದ್ದರೆ ನಾನು ಈ ಕೆಲಸವನ್ನು ಆರಂಭಿಸುತ್ತಲೇ ಇರಲಿಲ್ಲ. ಆದರೆ ಬಳಸತೊಡಗಿದ ವಾರದಲ್ಲೇ ಒಂದು ಸಂಗತಿ ಸ್ಪಷ್ಟವಾಯಿತು: ತೆರೆಯ ಮೇಲೆ ಕಾಣುವ ಅಂಕೆಗೂ ಪಿಯಾನೊದೊಳಗೆ ನಿಜವಾಗಿ ಇರುವ ಅಂಕೆಗೂ ಹಲವು ಸಲ ತಾಳೆಯಾಗುತ್ತಿರಲಿಲ್ಲ.

ಮೊದಲು ಸಿಕ್ಕ ದೋಷ ವಿಚಿತ್ರವಾಗಿತ್ತು. ರಿವರ್ಬ್ (ಧ್ವನಿಯ ಅನುರಣನ) ಪ್ರಮಾಣದ ಸ್ಲೈಡರನ್ನು 67ಕ್ಕೆ ತಂದರೆ ಧ್ವನಿ ಬದಲಾಗುತ್ತಿತ್ತು, 69ಕ್ಕೆ ತಂದರೂ ಬದಲಾಗುತ್ತಿತ್ತು, 68ಕ್ಕೆ ಮಾತ್ರ ಪಿಯಾನೊ ಸ್ಪಂದಿಸುತ್ತಿರಲಿಲ್ಲ. ಮೂರು ಸಂಜೆಗಳ ಕಾಲ ಕೇಬಲ್ಲನ್ನೇ ಅನುಮಾನಿಸಿ ಬದಲಿಸಿ ನೋಡಿದೆ. ನಾಲ್ಕನೆಯ ಸಂಜೆ, ಮಿಡಿಯಲ್ಲಿ, ಅಂದರೆ ವಾದ್ಯವೂ ಕಂಪ್ಯೂಟರೂ ಮಾತಾಡಿಕೊಳ್ಳುವ ಸಂಕೇತಭಾಷೆಯಲ್ಲಿ, ಹೊರಗೆ ಹೋಗುವ ಪ್ರತಿ ಬೈಟನ್ನೂ ತೋರಿಸುವ ಮಿಡಿ ಮಾನಿಟರ್ ಎಂಬ ಪ್ರೋಗ್ರಾಮ್ ತೆರೆದು ಕುಳಿತಾಗ ಕಾರಣ ಕಣ್ಣಿಗೆ ಬಿತ್ತು.

1983ರಲ್ಲಿ ರೂಪುಗೊಂಡ ಮಿಡಿ ವ್ಯವಸ್ಥೆಯಲ್ಲಿ ಇಂಥ ಆದೇಶಗಳು ಸಿಸ್ಟಂ ಎಕ್ಸ್‌ಕ್ಲೂಸಿವ್ ಎಂಬ ಸಂದೇಶವಾಗಿ ಹೋಗುತ್ತವೆ. ಸಂದೇಶ 240 ಎಂಬ ಬೈಟಿನಿಂದ ಆರಂಭವಾಗಿ 247ರಲ್ಲಿ ಮುಗಿಯುತ್ತದೆ, ನಡುವಿನ ಪ್ರತಿ ಬೈಟೂ 0ಯಿಂದ 127ರೊಳಗೇ ಇರಬೇಕು. ನನ್ನ ಪಿಯಾನೊ ಇದರ ಜೊತೆಗೆ ಒಂದು ಚೆಕ್‌ಸಮ್, ಅಂದರೆ ಸಂದೇಶ ಸರಿಯಿದೆಯೇ ಎಂದು ತಾಳೆ ನೋಡುವ ಅಂಕೆ, ಕೇಳುತ್ತದೆ: ಯಾವ ಸೆಟ್ಟಿಂಗ್ ಎಂದು ಹೇಳುವ ವಿಳಾಸದ ಅಂಕೆಗಳನ್ನೂ ಮೌಲ್ಯವನ್ನೂ ಕೂಡಿಸಿ, 128ರಿಂದ ಭಾಗಿಸಿ, ಉಳಿದ ಶೇಷವನ್ನು 128ರಿಂದ ಕಳೆಯಬೇಕು. ರಿವರ್ಬ್‌ನ ವಿಳಾಸದ ಅಂಕೆಗಳು 16, 0, 32 ಮತ್ತು 12, ಅವುಗಳ ಮೊತ್ತ 60. ಮೌಲ್ಯ 67 ಇದ್ದಾಗ ಒಟ್ಟು 127, ಚೆಕ್‌ಸಮ್ 1, ಎಲ್ಲವೂ ಸರಿ. ಮೌಲ್ಯ 68 ಆದಾಗ ಒಟ್ಟು 128, ಶೇಷ ಸೊನ್ನೆ, ಆಗ ಚೆಕ್‌ಸಮ್ಮೂ ಸೊನ್ನೆಯಾಗಬೇಕು. ಎಡಿಟರ್ ಮಾತ್ರ 128ರಿಂದ ಸೊನ್ನೆ ಕಳೆದು 128ನ್ನೇ ಕಳಿಸುತ್ತಿತ್ತು. ಮಿಡಿಯಲ್ಲಿ 128 ಎಂದರೆ ಮೊದಲನೆಯ ಚಾನೆಲ್‌ನಲ್ಲಿ ಸ್ವರ ಬಿಡು ಎಂಬ ಆದೇಶದ ಆರಂಭ. ಹಾಗಾಗಿ ಪಿಯಾನೊ ಅರ್ಧ ಕೇಳಿದ ಸಂದೇಶವನ್ನು ಅಲ್ಲೇ ಕೈಬಿಡುತ್ತಿತ್ತು. ಕಳೆದು ಬಂದ ಉತ್ತರವನ್ನು ಇನ್ನೊಮ್ಮೆ 128ರಿಂದ ಭಾಗಿಸಿ ಶೇಷ ಹಿಡಿಯುವಂತೆ ಒಂದು ಸಾಲು ತಿದ್ದಿದೆ. ಒಂದೊಂದು ಸ್ಲೈಡರಿನಲ್ಲೂ ಹೀಗೆ ಒಂದೊಂದು ಕಿವುಡು ಜಾಗವಿತ್ತೆಂಬುದು ಆಗ ತಿಳಿಯಿತು.

ಕನ್ನಡದ ಹೆಸರುಗಳ ತೊಂದರೆಯ ಬೇರೂ ಇಲ್ಲಿಯೇ ಇತ್ತು. ನಾನು ಸೆಟ್ಟಿಂಗ್‌ಗೆ 'ತತ್ವಪದ' ಎಂದು ಹೆಸರಿಟ್ಟು ಉಳಿಸಿದರೆ ಪಿಯಾನೊ ಅದನ್ನು ಸ್ವೀಕರಿಸುತ್ತಿರಲಿಲ್ಲ. ಯೂನಿಕೋಡ್ ಕನ್ನಡದ ಪ್ರತಿ ಅಕ್ಷರಸಂಕೇತವೂ ಯುಟಿಎಫ್-8 ಎಂಬ ಬರವಣಿಗೆ ಕ್ರಮದಲ್ಲಿ ಮೂರು ಬೈಟ್‌ಗಳಾಗುತ್ತದೆ, ಮೂರೂ 127ನ್ನು ಮೀರುತ್ತವೆ. ಈಗ ಎಡಿಟರ್ ಕನ್ನಡ ಹೆಸರನ್ನು ಕಂಪ್ಯೂಟರಿನ ಪಟ್ಟಿಯಲ್ಲಿ ಇಟ್ಟುಕೊಂಡು, ಪಿಯಾನೊದ ಪರದೆಗೆ ರೋಮನ್ ಅಕ್ಷರಗಳ ಕಿರುಹೆಸರನ್ನು ಮಾತ್ರ ಕಳಿಸುತ್ತದೆ. ನಮ್ಮ ಪದಗಳನ್ನು ನಮ್ಮ ಲಿಪಿಯಲ್ಲೇ ಹುಡುಕಿಕೊಳ್ಳಲು ಆಗಬೇಕೆಂಬ ಹಟ ನನ್ನದಾಗಿತ್ತು.

ಸ್ಲೈಡರ್ ಎಳೆದಾಗ ಆಗುತ್ತಿದ್ದ ತಡವೂ ತಿದ್ದಬೇಕಿತ್ತು. ಐದು ಪಿನ್ನಿನ ಮಿಡಿ ಕೇಬಲ್‌ನಲ್ಲಿ ಸೆಕೆಂಡಿಗೆ 31,250 ಬಿಟ್ ಹರಿಯುತ್ತವೆ. ಒಂದು ಬೈಟಿಗೆ ಆರಂಭ ಮತ್ತು ಅಂತ್ಯದ ಗುರುತು ಸೇರಿ 10 ಬಿಟ್ ಬೇಕಾಗುವುದರಿಂದ ಸೆಕೆಂಡಿಗೆ 3,125 ಬೈಟ್ ಅಷ್ಟೇ. ನಮ್ಮ ಸಂದೇಶ 14 ಬೈಟ್‌ನದು, ಒಂದೊಂದಕ್ಕೂ ಸುಮಾರು ನಾಲ್ಕೂವರೆ ಮಿಲಿಸೆಕೆಂಡ್. ಮೌಸ್‌ನ ಪ್ರತಿ ಅಲುಗಾಟಕ್ಕೂ ಒಂದು ಸಂದೇಶ ಹೋಗುತ್ತಿದ್ದರಿಂದ ನಾನು ಕೈ ಬಿಟ್ಟ ಮೇಲೂ ಧ್ವನಿ ಬದಲಾಗುತ್ತಲೇ ಇರುತ್ತಿತ್ತು, ಕೆಲವೊಮ್ಮೆ ಪಿಯಾನೊದ ಬಫರ್ (ಸಂದೇಶಗಳು ಸರದಿ ಕಾಯುವ ಜಾಗ) ತುಂಬಿ ಕೊನೆಯ ಸಂದೇಶವೇ ಕಳೆದುಹೋಗುತ್ತಿತ್ತು. ಈಗ 40 ಮಿಲಿಸೆಕೆಂಡಿಗೊಮ್ಮೆ, ಆ ಕ್ಷಣದ ಹೊಸ ಮೌಲ್ಯವೊಂದೇ ಹೋಗುತ್ತದೆ. ಕೈ ನಿಂತ ಜಾಗದ ಮೌಲ್ಯ ಮಾತ್ರ ಹೋಗಲೇಬೇಕು ಎಂದು ಪ್ರತ್ಯೇಕವಾಗಿ ಬರೆದಿದ್ದೇನೆ.

ಮೇ ತಿಂಗಳ ಒಂದು ಮಧ್ಯಾಹ್ನ, ಇಡೀ ಸೆಟ್ಟಿಂಗ್‌ಗಳ ಕಟ್ಟನ್ನು ಪಿಯಾನೊಗೆ ಬರೆಯುತ್ತಿರುವಾಗ ಕರೆಂಟ್ ಹೋಯಿತು. ಮತ್ತೆ ಬಂದಾಗ ಅರ್ಧ ಹೊಸದು, ಅರ್ಧ ಹಳೆಯದು ಉಳಿದಿತ್ತು. ಮರುದಿನದ ಕಾರ್ಯಕ್ರಮಕ್ಕೆ ಎಲ್ಲವನ್ನೂ ರಾತ್ರಿಯೆಲ್ಲ ಕೂತು ಕೈಯಿಂದ ಹೊಂದಿಸಿದೆ. ಆ ಎಡಿಟರ್ ಪ್ರತಿ ಬದಲಾವಣೆಯನ್ನೂ ನೇರವಾಗಿ ಶಾಶ್ವತ ಮೆಮೊರಿಗೆ ಬರೆಯುತ್ತಿತ್ತು. ತೆರೆದ ಕೂಡಲೇ ಪಿಯಾನೊವನ್ನು ಕೇಳದೆ ತನ್ನದೇ ಮೂಲ ಅಂಕೆಗಳನ್ನು ತೋರಿಸುತ್ತಿತ್ತು ಕೂಡ. ನಾನು ಕ್ರಮವನ್ನೇ ಬದಲಿಸಿದೆ: ತೆರೆದಾಗ ಮೊದಲು ಪಿಯಾನೊದಿಂದ ಎಲ್ಲವನ್ನೂ ಓದಿ ಪ್ರತಿ ತೆಗೆದಿಡುತ್ತದೆ, ಬದಲಾವಣೆಗಳು ತಾತ್ಕಾಲಿಕ ಮೆಮೊರಿಗೆ ಹೋಗುತ್ತವೆ, 'ಉಳಿಸು' ಒತ್ತಿದ ಮೇಲೆಯೇ ಶಾಶ್ವತವಾಗುತ್ತವೆ. ಬರೆದದ್ದನ್ನು ಮತ್ತೆ ಓದಿ ಹೋಲಿಸಿ, ಎರಡೂ ಒಂದೇ ಆದರಷ್ಟೇ ಅಂಕೆ ಹಸಿರಾಗುತ್ತದೆ. ಇದರಿಂದ ಎಡಿಟರ್ ತೆರೆಯಲು ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಆದರೆ ಆ ಹಸಿರನ್ನು ನಾನು ವೇದಿಕೆಯ ಮೇಲೆ ನಂಬುತ್ತೇನೆ.

ಇಷ್ಟಾದ ಮೇಲೆ ಗಂಧಾರಕ್ಕೆ ಮರಳಿದೆ. ಶ್ರುತಿಯ ಪುಟದಲ್ಲಿ ಷಡ್ಜ ಯಾವ ಮನೆಯೆಂದು ಆರಿಸಿದರೆ ಸಾಕು, ಉಳಿದ ಹನ್ನೊಂದನ್ನು ಎಡಿಟರ್ ಹೊಂದಿಸುತ್ತದೆ: ಶುದ್ಧ ರಿಷಭ 4 ಸೆಂಟ್ ಮೇಲೆ, ಗಂಧಾರ 14 ಕೆಳಗೆ, ಮಧ್ಯಮ 2 ಕೆಳಗೆ, ಪಂಚಮ 2 ಮೇಲೆ, ಧೈವತ 16 ಕೆಳಗೆ, ನಿಷಾದ 12 ಕೆಳಗೆ. ಪಿಯಾನೊಗೆ ಋಣ ಅಂಕೆ ತಿಳಿಯದ ಕಾರಣ 64ನ್ನು ಸೊನ್ನೆಯೆಂದು ಹಿಡಿದು ಗಂಧಾರಕ್ಕೆ 50, ಧೈವತಕ್ಕೆ 48 ಕಳಿಸಬೇಕು. ಕಾಳಿ ಎರಡು ಷಡ್ಜವಾದಾಗ ಇಡೀ ಸಾಲು ಸಿ ಮನೆಯಿಂದ ಮೂರು ಮನೆ ಸರಿಯುತ್ತದೆ. ಕೋಮಲ ನಿಷಾದವನ್ನು ಮಾತ್ರ ಬಳಸುವವರ ಆಯ್ಕೆಗೆ ಬಿಟ್ಟೆ, ಏಕೆಂದರೆ 16:9 ಎಂದು ಹಿಡಿದರೆ ಅದು 4 ಸೆಂಟ್ ಇಳಿಯುತ್ತದೆ, 9:5 ಎಂದರೆ 18 ಸೆಂಟ್ ಏರುತ್ತದೆ, ಎರಡಕ್ಕೂ ಬೇಡುವ ರಾಗಗಳಿವೆ. ಚರ್ಚಿನ ಗಾಯನಕ್ಕೆ ನುಡಿಸುವಾಗ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಒಂದು ಶ್ರುತಿಯಿಂದ ಇನ್ನೊಂದಕ್ಕೆ ಸಾಗುವುದರಿಂದ ಸಮಭಾಗದ ಹೊಂದಿಕೆಯೇ ಸರಿ. ಹಾಗಾಗಿ ಶ್ರುತಿಯನ್ನು ಪ್ರತಿ ಸೆಟ್ಟಿಂಗ್‌ನೊಂದಿಗೇ ಉಳಿಯುವಂತೆ ಮಾಡಿದ್ದೇನೆ.

ಮೊದಲು ಪದ ನಿಲ್ಲಿಸಿದ್ದ ಆ ಹಿರಿಯರ ಮನೆಗೇ ಪಿಯಾನೊ ಒಯ್ದು ಕಾಳಿ ಎರಡಕ್ಕೆ ಹೊಂದಿಸಿದೆ. ಅವರು ಕಣ್ಣು ಮುಚ್ಚಿ ಎರಡು ಪದ ಪೂರ್ತಿ ಹಾಡಿದರು, ಗಂಧಾರದ ಮಾತೆತ್ತಲಿಲ್ಲ. ಮೂರನೆಯದರಲ್ಲಿ ಕೈ ಎತ್ತಿ, "ಧೈವತ ಇನ್ನಾ ಒಂದೀಟು ಇಳಸು ತಮ್ಮಾ" ಎಂದರು. ಸ್ಲೈಡರನ್ನು 48ರಿಂದ 46ಕ್ಕೆ ಇಳಿಸಿದೆ, ಅಂಕೆ ಹಸಿರಾಯಿತು, ಅವರು ಪದವನ್ನು ಬಿಟ್ಟ ಸಾಲಿನಿಂದ ಮತ್ತೆ ಎತ್ತಿಕೊಂಡರು.