ಗಾಲಿಕುರ್ಚಿಯಲ್ಲಿ ದೋಣಿ ಪ್ರಯಾಣ: ಮೊದಲು ಜೆಟ್ಟಿಯನ್ನು ತಿಳಿದುಕೊಳ್ಳಿ

ಗಾಲಿಕುರ್ಚಿ ಬಳಸುವವರು ಪ್ರಯಾಣಿಕರ ದೋಣಿ ಏರಬೇಕೆಂದಾಗ ಮನೆಯವರು ಮೊದಲು ವಿಚಾರಿಸುವುದು ದೋಣಿಯ ಬಗ್ಗೆ. ಒಳಗೆ ಜಾಗವಿದೆಯೇ, ಬಾಗಿಲು ಅಗಲವಾಗಿದೆಯೇ ಎಂದು ಕೇಳುತ್ತಾರೆ. ಆ ಪ್ರಶ್ನೆಗಳು ಬೇಕಾದವೇ ಆದರೂ ತೊಡಕು ಬಹುಮಟ್ಟಿಗೆ ಇರುವುದು ದಡಕ್ಕೂ ದೋಣಿಗೂ ನಡುವಿನ ಹತ್ತಿಪ್ಪತ್ತು ಮೀಟರಿನಲ್ಲಿ. ದಡ ಇದ್ದಲ್ಲೇ ಇರುತ್ತದೆ. ಸಮುದ್ರಕ್ಕೆ ಸಮೀಪದ ನೀರು ಮಾತ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಯಾರ ನೆರವೂ ಇಲ್ಲದೆ ದಾಟಿದ ಜೆಟ್ಟಿಯನ್ನು ಮಧ್ಯಾಹ್ನ ಮರಳುವಾಗ ಇಬ್ಬರು ಸೇರಿದರೂ ದಾಟಿಸಲಾಗದಂಥ ಸಂದರ್ಭ ಬರುವುದು ಈ ಕಾರಣಕ್ಕೇ. ಆದ್ದರಿಂದ ಸಿದ್ಧತೆಯನ್ನು ಜೆಟ್ಟಿಯಿಂದಲೇ ಆರಂಭಿಸಬೇಕು.

ಜೆಟ್ಟಿ ಯಾವ ಬಗೆಯದು?

ಜೆಟ್ಟಿಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳಿವೆ. ಮೊದಲನೆಯದು ಕಲ್ಲು ಅಥವಾ ಕಾಂಕ್ರೀಟಿನ ಸ್ಥಿರ ಕಟ್ಟೆ. ನೀರಿನ ಮಟ್ಟಕ್ಕೆ ತಕ್ಕಂತೆ ಮೆಟ್ಟಿಲಿಳಿದು, ಹಲಗೆಯ ಮೇಲೆ ಹೆಜ್ಜೆಯಿಟ್ಟು ದೋಣಿ ಸೇರಬೇಕಾಗುತ್ತದೆ. ನಮ್ಮ ಕರಾವಳಿಯ ಅನೇಕ ಕಡವುಗಳು ಈ ಬಗೆಯವು. ಎರಡನೆಯದು ನೀರಿನೊಳಕ್ಕೆ ಇಳಿದು ಹೋಗುವ ಇಳಿಜಾರು ಕಟ್ಟೆ. ಚಪ್ಪಟೆ ತಳದ ಬಾರ್ಜ್ ಬಂದು ತನ್ನ ಮುಂಭಾಗದ ಅಗಲವಾದ ರ‍್ಯಾಂಪನ್ನು ಅದರ ಮೇಲೆ ಇಳಿಸುತ್ತದೆ. ಗೋವಾದ ನದಿಗಳ ಫೆರ‍್ರಿಗಳು ಹೀಗೆಯೇ ನಡೆಯುತ್ತವೆ. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಸಿಗಂದೂರಿಗೆ ಹೋಗುವವರು ಶರಾವತಿ ಹಿನ್ನೀರನ್ನು ದಾಟುತ್ತಿದ್ದ ಲಾಂಚ್ ಕೂಡ ಬಸ್ಸನ್ನೇ ಹೊತ್ತೊಯ್ಯುವಂಥ ಬಾರ್ಜ್ ಆಗಿತ್ತು. ವಾಹನ ಹತ್ತುವ ದಾರಿಯಲ್ಲಿ ಗಾಲಿಕುರ್ಚಿಯೂ ಹತ್ತುತ್ತದೆ ಎಂಬುದು ಈ ಬಗೆಯ ದೊಡ್ಡ ಅನುಕೂಲ. ನೀರಿನಂಚಿನ ಪಾಚಿ ಕಟ್ಟಿದ ಭಾಗದಲ್ಲಿ ಗಾಲಿ ಜಾರುವುದು ಅದರ ಅಪಾಯ.

ಮೂರನೆಯದು ಪಾಂಟೂನ್, ಅಂದರೆ ನೀರಿನ ಮೇಲೆ ತೇಲುವ ಕಟ್ಟೆ. ಇದಕ್ಕೆ ನಮಗೆ ಹತ್ತಿರದ ಒಳ್ಳೆಯ ಉದಾಹರಣೆ 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ವಾಟರ್ ಮೆಟ್ರೊ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ, ನೂರು ಜನ ಹಿಡಿಸುವ ಅದರ ವಿದ್ಯುತ್ ದೋಣಿಗಳು ನಿಲ್ಲುವುದು ಪಾಂಟೂನಿನ ಪಕ್ಕದಲ್ಲಿ. ನೀರು ಏರಿದರೆ ದೋಣಿಯೂ ಪಾಂಟೂನೂ ಜೊತೆಯಾಗಿ ಏರುತ್ತವೆ, ಇಳಿದರೆ ಜೊತೆಯಾಗಿ ಇಳಿಯುತ್ತವೆ. ಹಾಗಾಗಿ ಎರಡರ ಮಟ್ಟ ಸದಾ ಹೆಚ್ಚುಕಡಿಮೆ ಒಂದೇ. ಗಾಲಿಕುರ್ಚಿಯವರನ್ನು ಮೊದಲಿನಿಂದಲೇ ಮನಸ್ಸಿನಲ್ಲಿಟ್ಟು ಯೋಜಿಸಿದರೆ ಜಲಸಾರಿಗೆ ಹೇಗಿರಬಹುದು ಎಂಬುದಕ್ಕೆ ಈ ವ್ಯವಸ್ಥೆ ಸಾಕ್ಷಿ, ಅದನ್ನು ಮನಸಾರೆ ಮೆಚ್ಚಬೇಕು.

ಉಬ್ಬರ ಇಳಿತದ ಲೆಕ್ಕ

ಪಾಂಟೂನ್ ಇದ್ದ ಮಾತ್ರಕ್ಕೆ ತೊಂದರೆ ಪೂರ್ತಿ ನೀಗುವುದಿಲ್ಲ. ದಡವನ್ನೂ ಪಾಂಟೂನನ್ನೂ ಕೂಡಿಸುವ ಕಿರುಸೇತುವೆಗೆ ಗ್ಯಾಂಗ್‌ವೇ ಎನ್ನುತ್ತಾರೆ. ಅದರ ಒಂದು ತುದಿ ದಡಕ್ಕೆ ಬಿಗಿದಿರುತ್ತದೆ, ಇನ್ನೊಂದು ತುದಿ ನೀರಿನೊಡನೆ ಏರಿಳಿಯುತ್ತದೆ. ಗಾಲಿಕುರ್ಚಿಗೆ ಸುರಕ್ಷಿತವೆಂದು ಒಪ್ಪಿಕೊಂಡಿರುವ ಇಳಿಜಾರು 1:12, ಅಂದರೆ ಒಂದು ಮೀಟರ್ ಇಳಿಯಲು ಹನ್ನೆರಡು ಮೀಟರ್ ಉದ್ದದ ದಾರಿ ಬೇಕು. ಹನ್ನೆರಡು ಮೀಟರಿನ ಗ್ಯಾಂಗ್‌ವೇಯ ಕೆಳತುದಿ ದಡಕ್ಕಿಂತ ಅರ್ಧ ಮೀಟರ್ ಕೆಳಗಿದ್ದರೆ ಇಳಿಜಾರು 1:24. ಗಟ್ಟಿ ತೋಳಿನವರು ಒಬ್ಬರೇ ಏರಬಹುದು. ಅದೇ ತುದಿ ಒಂದೂವರೆ ಮೀಟರ್ ಕೆಳಗೆ ಹೋದರೆ ಇಳಿಜಾರು 1:8 ಆಗುತ್ತದೆ. ತಳ್ಳುವವರಿದ್ದರೂ ಕುರ್ಚಿ ಹಿಂದಕ್ಕೆ ವಾಲುವ ಭಯವಿರುತ್ತದೆ.

ನೀರು ಎಷ್ಟು ಏರಿಳಿಯುತ್ತದೆ ಎಂಬುದು ಊರಿನಿಂದ ಊರಿಗೆ ಬೇರೆ. ಕೊಚ್ಚಿಯಲ್ಲಿ ಅದು ಹೆಚ್ಚೆಂದರೆ ಸುಮಾರು ಒಂದು ಮೀಟರ್, ಮಂಗಳೂರಿನ ಕಡೆ ಒಂದೂವರೆ ಮೀಟರಿನ ಆಸುಪಾಸು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರಿನಷ್ಟಾಗುವುದುಂಟು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಪ್ರಯಾಣದ ದಿನ ನಿಮ್ಮ ಕೈಯಲ್ಲಿದ್ದರೆ ಪಂಚಾಂಗ ನೋಡಿ ಅಷ್ಟಮಿಯ ಕಡೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ, ಅವೆರಡರ ಸರಿಸುಮಾರು ನಡುವೆ ಇಳಿತ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಬಂದರುಗಳ ಉಬ್ಬರ ಇಳಿತದ ಮುನ್ಸೂಚನೆ ಪ್ರಕಟಿಸುತ್ತದೆ. ಅದನ್ನು ನೋಡಿ ಹೋಗುವ ಮತ್ತು ಮರಳುವ ಎರಡೂ ಹೊತ್ತನ್ನು ಇಳಿತದ ಗಳಿಗೆಯಿಂದ ಆದಷ್ಟು ದೂರವಿರಿಸಿ. ಉಬ್ಬರ ತಲುಪದ ಹಿನ್ನೀರು ಮತ್ತು ಕೆರೆಗಳಲ್ಲಿ ಈ ಲೆಕ್ಕ ಬೇಡ. ಅಲ್ಲಿ ಮಳೆಗಾಲದ ಮಟ್ಟವೇನು, ಬೇಸಿಗೆಯ ಮಟ್ಟವೇನು ಎಂದು ಕೇಳಿದರೆ ಸಾಕು.

ಫೋನಿನಲ್ಲಿ ಏನು ಕೇಳಬೇಕು?

“ಗಾಲಿಕುರ್ಚಿ ಬರುತ್ತದೆಯೇ?” ಎಂದು ಕೇಳಿದರೆ ಸಿಬ್ಬಂದಿ ಒಳ್ಳೆಯ ಮನಸ್ಸಿನಿಂದಲೇ “ಬರುತ್ತದೆ, ನಾವು ಎತ್ತಿಕೊಳ್ಳುತ್ತೇವೆ” ಎಂದುಬಿಡುತ್ತಾರೆ. ಅದಕ್ಕಾಗಿ ಅಳತೆಯ ಪ್ರಶ್ನೆಗಳನ್ನು ಕೇಳಬೇಕು. ಮೆಟ್ಟಿಲು ಎಷ್ಟಿವೆ, ಗ್ಯಾಂಗ್‌ವೇಯ ಕೈಹಿಡಿಗಳ ನಡುವೆ ಅಗಲ ಎಷ್ಟು, ದೋಣಿಯ ಬಾಗಿಲಲ್ಲಿ ಹೊಸ್ತಿಲಿದೆಯೇ, ಶೌಚಾಲಯದ ಬಾಗಿಲು ಎಷ್ಟು ಅಗಲ ಎಂದು ವಿಚಾರಿಸಿ. ನಿಮ್ಮ ಕುರ್ಚಿಯನ್ನೂ ಮೊದಲೇ ಅಳೆದಿಟ್ಟುಕೊಳ್ಳಿ. ಗಾಲಿ ತಿರುಗಿಸುವಾಗ ಮೊಣಕೈ ಹೊರಚಾಚುವುದನ್ನೂ ಸೇರಿಸಿ ಅಗಲ ಲೆಕ್ಕ ಹಾಕಬೇಕು. ಬ್ಯಾಟರಿ ಕುರ್ಚಿಯಾದರೆ ತೂಕವನ್ನು ತಿಳಿಸಲೇಬೇಕು, ಏಕೆಂದರೆ ಅದನ್ನು ಮೆಟ್ಟಿಲ ಮೇಲೆ ಕೈಯಲ್ಲಿ ಎತ್ತುವ ಮಾತೇ ಇಲ್ಲ.

ದಾಟುವಾಗ

ಗ್ಯಾಂಗ್‌ವೇ ಮುಗಿದು ಪಾಂಟೂನ್ ಶುರುವಾಗುವಲ್ಲಿ ಸಾಮಾನ್ಯವಾಗಿ ಒಂದು ಲೋಹದ ತಗಡು ಹಾಸಿರುತ್ತದೆ. ಅಲೆ ಬಂದಾಗ ಅದು ಹಿಂದೆ ಮುಂದೆ ಜರುಗುತ್ತದೆ, ಅದರ ಅಂಚು ಬೆರಳಿನಷ್ಟು ಮೇಲೆದ್ದಿರುತ್ತದೆ. ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಸಿಕ್ಕಿಕೊಳ್ಳುವುದು ಇಲ್ಲೇ. ಕಾಲಿಡುವ ಹಲಗೆ ತಗುಲುವುದೂ ಇಲ್ಲೇ. ಚಿಕ್ಕ ಗಾಲಿ ಸಿಕ್ಕಿ ಕುರ್ಚಿ ಥಟ್ಟನೆ ನಿಂತರೆ ಕೂತವರು ಮುಂದಕ್ಕೆ ಬೀಳುತ್ತಾರೆ. ಆದ್ದರಿಂದ ಕೈಯಿಂದ ತಳ್ಳುವ ಕುರ್ಚಿಯಾದರೆ, ಕಡಿದಾದ ಗ್ಯಾಂಗ್‌ವೇಯನ್ನು ಹಿಮ್ಮುಖವಾಗಿ ಇಳಿಯಬೇಕು: ಕೂತವರ ಮುಖ ದಡದ ಕಡೆ, ಸಹಾಯಕರು ಕೆಳಬದಿಯಲ್ಲಿ, ದೊಡ್ಡ ಗಾಲಿಗಳು ಮೊದಲು. ತಗಡನ್ನೂ ದೋಣಿಯ ಅಂಚನ್ನೂ ಓರೆಯಾಗಿ ದಾಟದೆ ನೇರವಾಗಿ, ಎರಡೂ ಗಾಲಿಗಳು ಒಟ್ಟಿಗೆ ಹತ್ತುವಂತೆ ದಾಟಬೇಕು. ಪಕ್ಕದಲ್ಲಿ ಬೇರೆ ದೋಣಿ ಹಾದುಹೋಗಿದ್ದರೆ ಅದರ ಅಲೆ ಅಡಗುವವರೆಗೆ ನಿಲ್ಲಿ, ಸರದಿಯಲ್ಲಿರುವವರು ಎಷ್ಟೇ ಅವಸರಪಡಿಸಲಿ.

ಎತ್ತಿ ದಾಟಿಸುವುದು ಅನಿವಾರ್ಯವಾದರೆ ಕೂತವರ ಒಪ್ಪಿಗೆ ಮೊದಲು, ಅವರ ಸೂಚನೆಯಂತೆಯೇ ಉಳಿದದ್ದು. ಹಲವು ಕುರ್ಚಿಗಳಲ್ಲಿ ತೋಳಾಸರೆ ಮತ್ತು ಕಾಲುಹಲಗೆಗಳು ಕಳಚಿ ಬರುವಂಥವು. ಅವನ್ನು ಹಿಡಿದು ಎತ್ತಿದರೆ ಅವು ಕೈಗೆ ಬಂದು ಕುರ್ಚಿ ಕೆಳಗೆ ಹೋಗುತ್ತದೆ. ಹಿಡಿಯಬೇಕಾದದ್ದು ಚೌಕಟ್ಟಿನ ಬಿಗಿಯಾದ ಕೊಳವೆಗಳನ್ನು.

ದೋಣಿಯೊಳಗೆ ತೆರೆದ ಅಂಚಿನಿಂದ ದೂರದಲ್ಲಿ ಬ್ರೇಕ್ ಹಾಕಿ ನಿಲ್ಲಿಸಿ. ಬ್ಯಾಟರಿ ಕುರ್ಚಿಯ ಸ್ವಿಚ್ ಆರಿಸಿ. ಜೀವರಕ್ಷಕ ಜಾಕೆಟ್ ತೊಟ್ಟ ಮೇಲೆ ಕುರ್ಚಿಯ ಪಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಆಪತ್ತಿನಲ್ಲಿ ಕುರ್ಚಿಯನ್ನು ಬಿಟ್ಟು ಹೊರಬರಬೇಕಾಗುತ್ತದೆ. ಹಾಗಾದಾಗ ನಿಮ್ಮನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ಸಿಬ್ಬಂದಿಯನ್ನು ಹೊರಡುವ ಮೊದಲೇ ಕೇಳಲು ಸಂಕೋಚ ಬೇಡ.

ಸೌಲಭ್ಯ ಇಲ್ಲದಿದ್ದರೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಬಸ್ ನಿಲ್ದಾಣ, ರೈಲು ನಿಲ್ದಾಣ ಮತ್ತು ವಿಮಾನ ನಿಲ್ದಾಣಗಳನ್ನು ಹೆಸರಿಸುತ್ತದೆ, ಜೆಟ್ಟಿಯನ್ನು ಹೆಸರಿಸುವುದಿಲ್ಲ. ಆದರೆ ಅದೇ ಸೆಕ್ಷನ್ ಎಲ್ಲ ಬಗೆಯ ಸಾರಿಗೆಯೂ ಅಂಗವಿಕಲರಿಗೆ ಎಟುಕುವಂತಿರಬೇಕು ಎನ್ನುತ್ತದೆ, ದೋಣಿಯೂ ಅದರಲ್ಲಿ ಬಂತು. ಹೀಗೆ ಎಟುಕುವಂತೆ ಮಾಡಲು ಇರುವ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾದ ನಿಯಮಗಳು ಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ದೋಣಿ ಹತ್ತಲಾಗದೆ ಮರಳಬೇಕಾಗಿ ಬಂದರೆ ಆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಬರೆಯಿರಿ. ದೂರಿನಲ್ಲಿ ದಿನಾಂಕದ ಜೊತೆಗೆ ಗಂಟೆಯನ್ನೂ ನಮೂದಿಸಿ, ಗ್ಯಾಂಗ್‌ವೇಯನ್ನು ಬದಿಯಿಂದ ತೆಗೆದ ಚಿತ್ರವನ್ನು ಲಗತ್ತಿಸಿ. ಉಬ್ಬರದ ಹೊತ್ತಿನಲ್ಲಿ ಪರಿಶೀಲನೆಗೆ ಬಂದ ಅಧಿಕಾರಿಗೆ ಅದೇ ಜೆಟ್ಟಿ ಸಮತಟ್ಟಾಗಿ ಕಂಡರೆ, ನೀವು ಇಳಿತದ ಹೊತ್ತಿನಲ್ಲಿ ಕಂಡದ್ದಕ್ಕೆ ಆ ಗಂಟೆ ಮತ್ತು ಆ ಚಿತ್ರವೇ ಆಧಾರ.